ನಿಮಗಿದು ಗೊತ್ತೇ? ಎಂಎಸ್ ಮತ್ತು ಅದರ ಜೊತೆಗಾರರು

ಪೂರ್ತಿ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಡಾಕ್ಟರ ಬಾಯಲ್ಲೂ ಮನೆಯವರ ಬಾಯಲ್ಲೂ ಬರುವುದು ಎರಡೇ ಅಕ್ಷರ, ಎಂಎಸ್. ಸೋಂಕನ್ನು ತಡೆಯಬೇಕಾದ ದೇಹದ ರೋಗನಿರೋಧಕ ವ್ಯವಸ್ಥೆ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರದ ಮೇಲೆಯೇ ತಿರುಗಿ ಬೀಳುವ ಕಾಯಿಲೆ ಇದು. ಅಂಟುವುದಿಲ್ಲ. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ, ಹಿಡಿತದಲ್ಲಿಡುವ ಔಷಧಿಗಳು ಬೇಕಾದಷ್ಟಿವೆ. ಇದರ ಚರಿತ್ರೆಯನ್ನು ಕೆದಕಿದರೆ ಆಸ್ಪತ್ರೆಗಳಷ್ಟೇ ಗಟ್ಟಿಯಾಗಿ ಸಿಗುವವರು ಮನೆಯವರು, ರೋಗಿಗಳು, ಊರೂರಲ್ಲಿ ಅವರು ಕಟ್ಟಿಕೊಂಡ ಸಂಘಗಳು.

● ಜಗತ್ತಿನ ದೊಡ್ಡ ಎಂಎಸ್ ಸಂಘವೊಂದು ಹುಟ್ಟಿದ್ದು ಪತ್ರಿಕೆಯ ವರ್ಗೀಕೃತ ಜಾಹೀರಾತಿನಿಂದ ಎಂಬುದು ಗೊತ್ತೇ? 1945ರ ಮೇ 1ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಸಿಲ್ವಿಯಾ ಲಾರಿ ಎಂಬ ಯುವತಿ ಪುಟ್ಟದೊಂದು ಪ್ರಕಟಣೆ ಹಾಕಿಸಿದಳು. ಅವಳ ಸೋದರ ಬರ್ನಾರ್ಡ್‌ಗೆ ಎಂಎಸ್ ಇತ್ತು. ಈ ಕಾಯಿಲೆಯಿಂದ ಗುಣವಾದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ ಎಂಬುದು ಪ್ರಕಟಣೆಯ ಸಾರ. ಐವತ್ತಕ್ಕೂ ಹೆಚ್ಚು ಉತ್ತರಗಳು ಬಂದವು. ಗುಣವಾದೆ ಎಂದು ದಾರಿ ತೋರಿಸುವ ಕಾಗದ ಮಾತ್ರ ಬರಲಿಲ್ಲ. ಬರೆದವರೆಲ್ಲ ಅವಳಂತೆಯೇ ಕಂಗಾಲಾಗಿದ್ದವರು. ‘ನಿಮಗೇನಾದರೂ ಗೊತ್ತಾದರೆ ನಮಗೂ ತಿಳಿಸಿ’ ಎಂದು ತಿರುಗಿ ಅವಳನ್ನೇ ಕೇಳಿದ್ದರು.

ಬೇರೆ ಯಾರಾದರೂ ಆ ಕಾಗದಗಳನ್ನು ಕಟ್ಟಿ ಅಟ್ಟಕ್ಕೆ ಹಾಕುತ್ತಿದ್ದರೇನೋ. ಸಿಲ್ವಿಯಾ 1946ರಲ್ಲಿ ಸಂಘ ಕಟ್ಟಿದಳು. ಅದೇ ಮುಂದೆ ಅಮೆರಿಕದ ರಾಷ್ಟ್ರೀಯ ಎಂಎಸ್ ಸೊಸೈಟಿ ಆಯಿತು. ಗುಣವಾದವರು ಸಿಗದಿದ್ದರೆ ಗುಣಪಡಿಸುವ ದಾರಿ ಹುಡುಕುವವರಿಗೆ ದುಡ್ಡು ಒದಗಿಸೋಣ ಎಂಬುದು ಅವಳ ಲೆಕ್ಕ. ಮಗಳಿಗೆ ಎಂಎಸ್ ಇದ್ದ ಸೆನೆಟರ್ ಚಾರ್ಲ್ಸ್ ಟೋಬಿಯ ಬೆಂಬಲ ಸಿಕ್ಕಿತು, 1949ರಲ್ಲಿ ಅಮೆರಿಕದ ಸೆನೆಟ್ ಸಮಿತಿ ಈ ಕಾಯಿಲೆಯ ಬಗ್ಗೆ ವಿಚಾರಣೆ ನಡೆಸಿತು. ಮರುವರ್ಷ ನರರೋಗಗಳ ಸಂಶೋಧನೆಗೆಂದೇ ಸರ್ಕಾರಿ ಸಂಸ್ಥೆ ಸ್ಥಾಪಿಸುವ ಕಾನೂನು ಬಂತು. 1967ರಲ್ಲಿ ದೇಶದೇಶಗಳ ಎಂಎಸ್ ಸಂಘಗಳನ್ನು ಸೇರಿಸಿದ ಅಂತರರಾಷ್ಟ್ರೀಯ ಒಕ್ಕೂಟವೂ ಹುಟ್ಟಿತು. ಅದರ ಹಿಂದೆ ಇದ್ದವಳೂ ಇದೇ ಸಿಲ್ವಿಯಾ.

● ಬ್ರಿಟನ್ನಿನ ಎಂಎಸ್ ಸೊಸೈಟಿ ಶುರುವಾದದ್ದು 1953ರಲ್ಲಿ. ಕಟ್ಟಿದವರು ರಿಚರ್ಡ್ ಕೇವ್, ಎಂಎಸ್ ಇದ್ದ ಮೇರಿಯ ಗಂಡ. ಭಾರತದ ಎಂಎಸ್ ಸೊಸೈಟಿ ಶುರುವಾದದ್ದು 1985ರಲ್ಲಿ, ಮುಂಬೈಯಲ್ಲಿ. ಕಟ್ಟಿದವರು ರೆಹಮತ್ ಫಜಲ್‌ಭಾಯ್, ಸ್ವತಃ ಎಂಎಸ್ ಇದ್ದವರು. ಒಂದು ಕಡೆ ಸೋದರಿ, ಇನ್ನೊಂದು ಕಡೆ ಗಂಡ, ಮತ್ತೊಂದು ಕಡೆ ರೋಗಿಯೇ! ಭಾರತದ ಸಂಘಕ್ಕೆ ಬೆಂಗಳೂರಿನಲ್ಲೂ ಶಾಖೆಯಿದೆ.

● ಮಂಗಳೂರಿನಲ್ಲಿ ಎಂಎಸ್ ಎಷ್ಟು ಜನಕ್ಕಿದೆ ಎಂದು ಲೆಕ್ಕ ಹಾಕಿದ್ದಾರೆ, ಗೊತ್ತೇ? ಅಲ್ಲಿನ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ನಗರದಲ್ಲಿ ಸಮೀಕ್ಷೆ ನಡೆಸಿದಾಗ ಸಿಕ್ಕ ಅಂದಾಜು, ಲಕ್ಷ ಜನರಲ್ಲಿ ಸುಮಾರು 8 ಮಂದಿ. ಬ್ರಿಟನ್ನಿನಲ್ಲಿ ಇದೇ ಲೆಕ್ಕ ಲಕ್ಷಕ್ಕೆ 200 ದಾಟುತ್ತದೆ. ಮುಂಬೈಯ ಪಾರ್ಸಿಗಳಲ್ಲಿ ಉಳಿದ ಭಾರತೀಯರಿಗಿಂತ ಎಂಎಸ್ ಹೆಚ್ಚೆಂದು 1980ರ ದಶಕದಿಂದಲೇ ತಜ್ಞರು ಬರೆದಿದ್ದಾರೆ.

ಲಕ್ಷಕ್ಕೆ ಎಂಟೇ ಜನ ಎಂದು ಸಮಾಧಾನಪಡುವಂತಿಲ್ಲ. ಎರಡು ಮೂರು ಲಕ್ಷ ಜನರಿರುವ ತಾಲ್ಲೂಕಿನಲ್ಲಿ ಎಂಎಸ್ ಇರುವವರು ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತೈದು ಜನ ಎಂದಾಯಿತು. ಒಬ್ಬರು ಪೇಟೆಯಲ್ಲಿ, ಇನ್ನೊಬ್ಬರು ಹತ್ತು ಮೈಲಿ ಆಚೆಯ ಹಳ್ಳಿಯಲ್ಲಿ. ಸಕ್ಕರೆ ಕಾಯಿಲೆ ಬಂದವರಿಗೆ ಬೀದಿಗೊಬ್ಬ ಅನುಭವಸ್ಥರು ಸಿಗುತ್ತಾರೆ. ಎಂಎಸ್ ಬಂದವರು ತಮ್ಮಂಥ ಇನ್ನೊಬ್ಬರ ಮುಖ ನೋಡದೆಯೇ ವರ್ಷಗಟ್ಟಲೆ ಕಳೆಯಬಹುದು. ನಮ್ಮ ಕಡೆ ಸಂಘ ಹೆಚ್ಚು ಬೇಕಾಗಿರುವುದು ಈ ಕಾರಣಕ್ಕೇ ಎಂದು ನನ್ನ ಅಭಿಪ್ರಾಯ.

● ಜಗತ್ತಿನಲ್ಲಿ ಎಂಎಸ್ ಇರುವವರು ಸುಮಾರು 29 ಲಕ್ಷ. ಗಂಡಸರಿಗಿಂತ ಹೆಂಗಸರ ಸಂಖ್ಯೆ ಎರಡು ಪಟ್ಟಾದರೂ ಇದೆ. ಕಾಯಿಲೆ ಗುರುತಾಗುವ ಸರಾಸರಿ ವಯಸ್ಸು 32. ಓದು ಮುಗಿದು, ಕೆಲಸ ಸಿಕ್ಕಿ, ಮದುವೆ ಮಕ್ಕಳು ಎಂದು ಓಡಾಡುವ ವಯಸ್ಸು ಅದು. ಹಾಗಾಗಿಯೇ ‘ಈ ವಯಸ್ಸಿಗೆಲ್ಲ ನರದ ಕಾಯಿಲೆ ಎಲ್ಲಿ ಬರುತ್ತೆ, ಬಿ12 ಕಡಿಮೆಯಾಗಿರಬೇಕು’ ಎಂಬ ಮಾತು ಮನೆಮನೆಯಲ್ಲೂ ಮೊದಲು ಕೇಳಿಬರುತ್ತದೆ.

● ಒಳಗೆ ನಡೆಯುವುದಿಷ್ಟು. ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಹೊದಿಕೆಯ ನಡುವೆ ಅಲ್ಲಲ್ಲಿ ಸಣ್ಣ ತೆರಪುಗಳು. ಮಿದುಳಿನ ಸಂದೇಶ ತೆರಪಿನಿಂದ ತೆರಪಿಗೆ ಜಿಗಿಯುತ್ತ ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಹೋಗುತ್ತದೆ. ಎಂಎಸ್‌ನಲ್ಲಿ ಈ ಹೊದಿಕೆ ಅಲ್ಲಲ್ಲಿ ಕಿತ್ತುಹೋಗಿ ಗಾಯ ಗಟ್ಟಿಯಾಗುತ್ತದೆ. ಸಂದೇಶ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಗಾಯ ಎಲ್ಲಿ ಎಂಬುದರ ಮೇಲೆ ತೊಂದರೆ ಏನು ಎಂಬುದು. ಒಬ್ಬರಿಗೆ ಕಣ್ಣು ಮಂಜು, ಒಬ್ಬರಿಗೆ ಕಾಲು ಜೋಮು, ಇನ್ನೊಬ್ಬರಿಗೆ ಮೂತ್ರ ತಡೆಯಲಾಗದ ಕಷ್ಟ. ಎಂಎಸ್ ಇರುವ ಇಬ್ಬರು ಪಕ್ಕಪಕ್ಕ ಕೂತರೆ ಇಬ್ಬರಿಗೂ ಒಂದೇ ಕಾಯಿಲೆ ಎಂದು ನೋಡಿದವರು ನಂಬಲಾರರು.

● ಕತ್ತು ಬಗ್ಗಿಸಿದೊಡನೆ ಬೆನ್ನುಹುರಿಗುಂಟ ಕರೆಂಟು ಹೊಡೆದಂತಾಗುವುದು ಎಂಎಸ್‌ನ ಒಂದು ಲಕ್ಷಣ. ಲೆರ್ಮಿಟ್ ಎಂಬ ಫ್ರೆಂಚ್ ವೈದ್ಯನ ಹೆಸರು ಅದಕ್ಕಿದೆ. ಎದೆಯ ಸುತ್ತ ಬೆಲ್ಟು ಬಿಗಿದಂತಾಗುವುದು ಇನ್ನೊಂದು. ಅದನ್ನು ರೋಗಿಗಳೇ ತಮಾಷೆಯಾಗಿ ‘ಎಂಎಸ್ ಅಪ್ಪುಗೆ’ ಎಂದು ಕರೆದುಕೊಂಡರು, ಈಗ ಡಾಕ್ಟರೂ ಹಾಗೇ ಅನ್ನುತ್ತಾರೆ.

● ಈ ಕಾಯಿಲೆಯ ಮೊದಲ ವಿವರವಾದ ದಾಖಲೆ ಬರೆದದ್ದು ವೈದ್ಯನಲ್ಲ, ರೋಗಿ. ಇಂಗ್ಲೆಂಡಿನ ರಾಜ ಮೂರನೇ ಜಾರ್ಜನ ಮೊಮ್ಮಗ ಅಗಸ್ಟಸ್ ಡೆಸ್ಟೆ. 1822ರಲ್ಲಿ, ಅವನ 28ನೇ ವಯಸ್ಸಿನಲ್ಲಿ, ಸ್ಕಾಟ್ಲೆಂಡಿನಲ್ಲಿ ಹತ್ತಿರದವರೊಬ್ಬರ ಅಂತ್ಯಕ್ರಿಯೆಯ ನಂತರ ಅವನ ಕಣ್ಣು ಇದ್ದಕ್ಕಿದ್ದಂತೆ ಮಂಜಾಯಿತು. ಕಾಗದ ಓದಲು, ಉತ್ತರ ಬರೆಯಲು ಇನ್ನೊಬ್ಬರು ಬೇಕಾದರು. ಚಿಕಿತ್ಸೆಯಿಲ್ಲದೆಯೇ ಸರಿಹೋಯಿತು. ಮತ್ತೆ ಬಂತು. ಆಮೇಲೆ ಕಾಲು ಸೋತಿತು. 1848ರಲ್ಲಿ ಸಾಯುವವರೆಗೂ ಅವನಿಗೆ ತನ್ನ ಕಾಯಿಲೆಯ ಹೆಸರು ಗೊತ್ತಾಗಲಿಲ್ಲ. ಅವನ ದಿನಚರಿ ಸಿಕ್ಕಿದ್ದು ಇಪ್ಪತ್ತನೇ ಶತಮಾನದಲ್ಲಿ. ಲಕ್ಷಣಗಳು ಇದ್ದಕ್ಕಿದ್ದಂತೆ ಎರಗಿ ಬಂದುಹೋಗುವ ಅಟ್ಯಾಕ್, ನಡುವೆ ಚೇತರಿಕೆ, ನಿಧಾನವಾಗಿ ಉಳಿದುಬಿಡುವ ದೌರ್ಬಲ್ಯ ಎಲ್ಲವೂ ಅದರಲ್ಲಿವೆ. ವೈದ್ಯರಿದ್ದೂ ಅವನು ಈ ಕಾಯಿಲೆಯ ಜೊತೆ ಒಂಟಿ.

● ಡೆಸ್ಟೆ ಸತ್ತ ಇಪ್ಪತ್ತು ವರ್ಷಕ್ಕೆ, 1868ರಲ್ಲಿ, ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೋ ಕಾಯಿಲೆಯನ್ನು ಪ್ರತ್ಯೇಕವಾಗಿ ಗುರುತಿಸಿ ಹೆಸರಿಟ್ಟ. ಅವನ ಮನೆಗೆಲಸದ ಹೆಂಗಸಿಗೇ ಕೈ ನಡುಕವಿತ್ತಂತೆ. ಪಾತ್ರೆಗಳು ಒಡೆಯುತ್ತಿದ್ದರೂ ಅವನು ಕೆಲಸದಿಂದ ಬಿಡಿಸದೆ ಅವಳ ಲಕ್ಷಣಗಳನ್ನು ಗಮನಿಸಿದ, ಸತ್ತ ಮೇಲೆ ಅವಳ ಮಿದುಳಿನಲ್ಲಿ ಗಟ್ಟಿಯಾದ ಮಚ್ಚೆಗಳನ್ನು ಕಂಡ ಎಂದು ವೈದ್ಯಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಶಾರ್ಕೋನ ಹೆಸರು ಎಲ್ಲ ಪಠ್ಯದಲ್ಲೂ ಇದೆ, ಆಕೆಯ ಹೆಸರನ್ನು ಹುಡುಕಬೇಕು.

● ಎಂಆರ್‌ಐ ಇಲ್ಲದ ಕಾಲದಲ್ಲಿ ಎಂಎಸ್ ಇದೆಯೇ ಎಂದು ಪರೀಕ್ಷಿಸಲು ಅನುಮಾನವಿದ್ದವರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸುತ್ತಿದ್ದರು! ಮೈ ಬಿಸಿಯಾದೊಡನೆ ಕಣ್ಣು ಮಂಜಾಗಿ ಕೈಕಾಲು ಸೋತರೆ ಎಂಎಸ್ ಎಂಬ ಅನುಮಾನ ಬಲವಾಗುತ್ತಿತ್ತು. ಇದರ ಮೂಲ 1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹೋಫ್ ಗಮನಿಸಿದ ಸಂಗತಿ. ಮೈ ಬಿಸಿ ಏರಿದರೆ, ಅದು ಅರ್ಧ ಡಿಗ್ರಿ ಸೆಲ್ಸಿಯಸ್ಸೇ ಆಗಲಿ, ಹೊದಿಕೆ ಕಳೆದುಕೊಂಡ ನರದಲ್ಲಿ ಸಂದೇಶ ಇನ್ನಷ್ಟು ತೊಡರುತ್ತದೆ. ಹೊಸ ಗಾಯವೇನೂ ಆಗಿರುವುದಿಲ್ಲ, ಮೈ ತಣ್ಣಗಾದರೆ ಮೊದಲಿನಂತಾಗುತ್ತದೆ.

ನಮ್ಮ ಮನೆಗಳಿಗೆ ಇದು ಗೊತ್ತಿರಲೇಬೇಕಾದ ವಿಷಯ. ದೀಪಾವಳಿಯ ಎಣ್ಣೆಸ್ನಾನಕ್ಕೆ ಹಂಡೆ ತುಂಬ ಸುಡುನೀರು ಕಾಯಿಸಿ ‘ನರಕ್ಕೆ ಒಳ್ಳೆಯದು, ಹಾಕ್ಕೋ’ ಎಂದು ಹೊಯ್ಯುವ ಅತ್ತೆಗೆ ಪ್ರೀತಿಗೇನೂ ಕಡಿಮೆಯಿಲ್ಲ. ಆದರೆ ಬಚ್ಚಲಿನಿಂದ ಎದ್ದು ಬರಲಾಗದೆ ಸೊಸೆ ಕುಸಿದರೆ ಮನೆಯವರೆಲ್ಲ ಹೊಸ ಅಟ್ಯಾಕ್ ಎಂದು ಗಾಬರಿಯಾಗುತ್ತಾರೆ. ಉಗುರುಬೆಚ್ಚಗಿನ ನೀರು ಸಾಕು. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಮಧ್ಯಾಹ್ನಗಳಲ್ಲಿ ಒದ್ದೆ ಟವೆಲ್, ತಣ್ಣೀರು, ಬಿಸಿಲಿಳಿದ ಮೇಲೆ ಹೊರಗಿನ ಕೆಲಸ: ಇಷ್ಟರಿಂದಲೇ ಬಹಳಷ್ಟು ಆಗುತ್ತದೆ. ಜ್ವರ ಬಂದಾಗಲೂ ಇದೇ ಕಥೆ, ಹಾಗಾಗಿ ಜ್ವರವನ್ನು ಬೇಗ ಇಳಿಸಬೇಕು.

● ಎಂಎಸ್‌ನ ಅತಿ ಸಾಮಾನ್ಯ ದೂರು ಸುಸ್ತು. ನಿದ್ದೆ ಮಾಡಿ ಎದ್ದರೂ ಹೋಗದ ಸುಸ್ತು. ಹೊರಗಿನಿಂದ ಏನೂ ಕಾಣುವುದಿಲ್ಲ. ‘ನೋಡಿದ್ರೆ ಚೆನ್ನಾಗೇ ಇದ್ದೀಯಲ್ಲಮ್ಮ’ ಎಂಬ ಮಾತು ಹೊಗಳಿಕೆ ಎಂದುಕೊಂಡು ಆಡುತ್ತೇವೆ. ಕೇಳುವವರ ಕಿವಿಗೆ ಅದು ‘ನಾಟಕ ಆಡಬೇಡ’ ಎಂದು ಬೀಳುತ್ತದೆ. ರೋಗಿಗಳ ಕೂಟಕ್ಕೆ ಹೊಸದಾಗಿ ಬಂದವರಿಗೆ ಸಿಗುವ ದೊಡ್ಡ ನೆಮ್ಮದಿ, ಅಲ್ಲಿ ಸುಸ್ತನ್ನು ಯಾರಿಗೂ ಸಾಬೀತು ಮಾಡಬೇಕಿಲ್ಲ ಎಂಬುದು.

● ‘ಇವತ್ತು ನನ್ನ ಚಮಚ ಮುಗಿದವು’ ಎಂದು ಎಂಎಸ್ ಇರುವವರು ಹೇಳಿದರೆ ಬೆಚ್ಚಬೇಡಿ. ದಿನಕ್ಕೆ ಇಷ್ಟೇ ಚಮಚ ಶಕ್ತಿ, ಸ್ನಾನಕ್ಕೊಂದು, ಅಡುಗೆಗೆರಡು ಎಂದು ಲೆಕ್ಕ ಹಾಕುವ ಈ ಉಪಾಯವನ್ನು 2003ರಲ್ಲಿ ಬರೆದವರು ಕ್ರಿಸ್ಟೀನ್ ಮಿಸೆರಾಂಡಿನೋ ಎಂಬ ಅಮೆರಿಕದ ಮಹಿಳೆ. ಅವರಿಗಿದ್ದದ್ದು ಲೂಪಸ್ ಎಂಬ ಬೇರೆ ಕಾಯಿಲೆ. ಚಮಚ ಮಾತ್ರ ಎಲ್ಲ ದೀರ್ಘಕಾಲದ ಕಾಯಿಲೆಯವರ ಕೈಗೂ ಬಂತು.

● ಕಣ್ಣಿಗೆ ಕಾಣದ ವೈಕಲ್ಯವಿದೆ ಎಂದು ಬಾಯಿಬಿಟ್ಟು ಹೇಳದೆ ತಿಳಿಸಲು ಸೂರ್ಯಕಾಂತಿ ಚಿತ್ರದ ಹಸಿರು ಕೊರಳಪಟ್ಟಿ ಇದೆ. 2016ರಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾದದ್ದು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವೂ ಇದನ್ನು ಅಳವಡಿಸಿಕೊಂಡಿದೆ. ಬಸ್‌ಸ್ಟ್ಯಾಂಡಿಗೆ ಬರುವುದು ಯಾವಾಗಲೋ.

● ಎಂಎಸ್ ಇರುವ ಬಹುಪಾಲು ಜನರಿಗೆ ಒಂದಲ್ಲ ಒಂದು ಹೊತ್ತಿನಲ್ಲಿ ಮೂತ್ರದ ತೊಂದರೆ ಬರುತ್ತದೆ: ಅವಸರ, ತಡೆಯಲಾಗದಿರುವುದು, ಪೂರ್ತಿ ಹೋಗದಿರುವುದು. ಹೊರಗೆ ಶೌಚಾಲಯ ಸಿಗದ ಊರಿನಲ್ಲಿ ಹೆಂಗಸರು ಕಂಡುಕೊಳ್ಳುವ ದಾರಿ ನೀರು ಕುಡಿಯದಿರುವುದು. ಅದರಿಂದ ಸೋಂಕು, ಸೋಂಕಿನಿಂದ ಜ್ವರ, ಜ್ವರದಿಂದ ಹಳೆಯ ಲಕ್ಷಣಗಳೆಲ್ಲ ಕೆರಳಿ ಅಟ್ಯಾಕ್‌ನಂತೆಯೇ ಕಾಣುತ್ತವೆ. ಹಾಗಾಗಿ ಅನುಭವವುಳ್ಳ ನ್ಯೂರಾಲಜಿಸ್ಟ್ ಅಟ್ಯಾಕ್ ಎಂದು ಸ್ಟಿರಾಯ್ಡ್ ಹಾಕುವ ಮೊದಲು ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ಗಂಡ, ಮಕ್ಕಳ ಮುಂದೆ ಬಾಯಿಬಿಡಲಾಗದ ಈ ವಿಷಯ ಹೆಂಗಸರ ಕೂಟದಲ್ಲಿ ಐದು ನಿಮಿಷದಲ್ಲಿ ಹೊರಗೆ ಬರುತ್ತದೆ.

● ಮದುವೆ ಮಾತುಕತೆಯಲ್ಲಿ ಎದ್ದೇ ಏಳುವ ಪ್ರಶ್ನೆ, ಮಕ್ಕಳಿಗೂ ಬರುತ್ತದೆಯೇ? ತಾಯಿಗೋ ತಂದೆಗೋ ಎಂಎಸ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಎರಡು ಮೂರು. ಅಂದರೆ ತೊಂಬತ್ತೇಳು ಪಾಲು ಬರುವುದಿಲ್ಲ. ಒಂದೇ ಜೀನುಗಳಿರುವ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರುವುದು ನಾಲ್ಕರಲ್ಲಿ ಒಂದು ಪಾಲಿನ ಆಸುಪಾಸು ಮಾತ್ರ.

● ಎಂಎಸ್ ಇರುವ ಹೆಂಗಸರಿಗೆ ಬಸಿರು ಬೇಡ ಎಂದು ಡಾಕ್ಟರೇ ಹೇಳುತ್ತಿದ್ದ ಕಾಲವೊಂದಿತ್ತು. 1998ರಲ್ಲಿ ಯುರೋಪಿನ 12 ದೇಶಗಳ 254 ಹೆಂಗಸರನ್ನು ಗಮನಿಸಿದ ಅಧ್ಯಯನ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಅಟ್ಯಾಕ್‌ಗಳು ತೀರಾ ಕಡಿಮೆಯಾದವು. ಹೆರಿಗೆಯ ನಂತರದ ಮೊದಲ ಮೂರು ತಿಂಗಳಲ್ಲಿ ಹೆಚ್ಚಾದವು.

ಬಾಣಂತನದ ಮನೆಯವರು ಕಿವಿಗೊಡಬೇಕಾದದ್ದು ಇಲ್ಲೇ. ನಿದ್ದೆಗೆಟ್ಟ ರಾತ್ರಿಗಳು, ಎದೆಹಾಲು, ಅದರ ಮೇಲೆ ಕೊಡಗಟ್ಟಲೆ ಬಿಸಿನೀರು, ಅಗ್ಗಿಷ್ಟಿಕೆಯ ಕಾವು. ಬಾಣಂತಿಗೆ ಬೇಕಾದದ್ದು ರಾತ್ರಿ ಮಗುವನ್ನು ಎತ್ತಿಕೊಳ್ಳುವ ಇನ್ನೊಂದು ಜೊತೆ ಕೈ. ಔಷಧಿಗಳ ವಿಷಯ ಬೇರೆ, ಕೆಲವನ್ನು ಬಸಿರಾಗುವ ತಿಂಗಳುಗಳ ಮೊದಲೇ ನಿಲ್ಲಿಸಬೇಕಾಗುತ್ತದೆ. ಮಗು ಬೇಕೆಂಬ ಯೋಚನೆ ಬಂದಾಗಲೇ ನ್ಯೂರಾಲಜಿಸ್ಟ್‌ಗೆ ಹೇಳಬೇಕು.

● ಕಹಿ ಸಂಗತಿಯೊಂದು. ಅಮೆರಿಕದಲ್ಲಿ ಮಿದುಳಿನ ಗೆಡ್ಡೆ, ಬೇರೆ ಕ್ಯಾನ್ಸರ್ ಅಥವಾ ಎಂಎಸ್ ಬಂದ 515 ವಿವಾಹಿತರನ್ನು ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಕಾಯಿಲೆ ಬಿದ್ದದ್ದು ಗಂಡನಾದರೆ ಸಂಸಾರ ಒಡೆದದ್ದು ನೂರಕ್ಕೆ 2.9. ಹೆಂಡತಿಯಾದರೆ ನೂರಕ್ಕೆ 20.8! ಅದು ಅಮೆರಿಕ ಎಂದು ನಾವು ಬೀಗುವ ಹಾಗಿಲ್ಲ. ನಮ್ಮಲ್ಲಿ ವಿಚ್ಛೇದನದ ಕಾಗದವಿಲ್ಲದೆಯೇ ಹೆಣ್ಣುಮಗಳನ್ನು ತವರಿಗೆ ಬಿಟ್ಟು ಬರುವ ಪದ್ಧತಿಯಿದೆ, ಅದು ಯಾವ ಅಧ್ಯಯನದ ಲೆಕ್ಕಕ್ಕೂ ಸಿಗುವುದಿಲ್ಲ.

● ಸಾಂತ್ವನ ಕೇಳುವವರಿಗಿಂತ ಹೇಳುವವರಿಗೇ ಹೆಚ್ಚು ಲಾಭ ಎಂದರೆ ನಂಬುತ್ತೀರಾ? ಎಂಎಸ್ ಇದ್ದ ಐವರಿಗೆ ಕೇಳಿಸಿಕೊಳ್ಳುವ ತರಬೇತಿ ಕೊಟ್ಟು, ಎಂಎಸ್ ಇರುವ ಇತರರಿಗೆ ನಿಯಮಿತವಾಗಿ ಫೋನ್ ಮಾಡಿಸಿದ ಅಮೆರಿಕದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಬರೆದವರು ಕ್ಯಾರೊಲಿನ್ ಶ್ವಾರ್ಟ್ಸ್ ಮತ್ತು ಸಂಗಡಿಗರು. ಫೋನ್ ಎತ್ತಿದವರಿಗಿಂತ ಫೋನ್ ಮಾಡಿದವರಲ್ಲೇ ಆತ್ಮವಿಶ್ವಾಸ ಹೆಚ್ಚಿತು, ಖಿನ್ನತೆ ಇಳಿಯಿತು. ಐದೇ ಜನ, ಹಾಗಾಗಿ ಇದನ್ನು ಸಿದ್ಧಾಂತ ಎಂದು ತಲೆ ಮೇಲೆ ಹೊರಬೇಕಿಲ್ಲ. ಆದರೂ ‘ನನ್ನಿಂದ ಯಾರಿಗೆ ಏನು ಉಪಯೋಗ’ ಎಂದು ಮೂಲೆ ಹಿಡಿದವರಿಗೆ ಒಂದು ಫೋನ್ ನಂಬರು ಕೊಟ್ಟು ‘ಇವರ ಜೊತೆ ನೀನೇ ಮಾತಾಡು, ನಿನಗೆ ಗೊತ್ತಾಗುತ್ತೆ’ ಎನ್ನುವುದು ಒಳ್ಳೆಯ ಉಪಾಯವೆಂದು ನನಗನ್ನಿಸುತ್ತದೆ.

● ಗುಂಪು ದಾರಿ ತಪ್ಪಿದ್ದೂ ಇದೆ, ಅದನ್ನು ಮುಚ್ಚಿಡಬಾರದು. 2009ರಲ್ಲಿ ಇಟಲಿಯ ಶಸ್ತ್ರವೈದ್ಯ ಪಾವ್ಲೊ ಜಂಬೋನಿ, ಎಂಎಸ್‌ಗೆ ಕಾರಣ ಕತ್ತಿನ ಸಿರೆಗಳು ಕಿರಿದಾಗಿರುವುದು ಎಂದ. ಬಲೂನು ಹಾಕಿ ಹಿಗ್ಗಿಸಿದರೆ ಕಾಯಿಲೆ ಹಿಡಿತಕ್ಕೆ ಬರುತ್ತದೆ ಎಂದ. ಅವನ ಹೆಂಡತಿಗೇ ಎಂಎಸ್ ಇತ್ತು. ಹಣದಾಸೆಗೆ ಹೇಳಿದ್ದಾನೆ ಎನ್ನುವಂತಿರಲಿಲ್ಲ. ‘ವಿಮೋಚನೆ ಚಿಕಿತ್ಸೆ’ ಎಂದು ಹೆಸರಾಯಿತು. ಕೆನಡಾದಲ್ಲಂತೂ ಕಿಚ್ಚಿನಂತೆ ಹಬ್ಬಿತು. ಡಾಕ್ಟರು ಪುರಾವೆ ಎಲ್ಲಿ ಎಂದರೆ ರೋಗಿಗಳ ಗುಂಪುಗಳು ಔಷಧಿ ಕಂಪನಿಗಳ ಕೈವಾಡ ಎಂದವು. ಮೆರವಣಿಗೆಗಳಾದವು, ಸಂಸತ್ತಿನಲ್ಲಿ ಪ್ರಶ್ನೆಗಳೆದ್ದವು.

ಕೆನಡಾದಲ್ಲಿ ಚಿಕಿತ್ಸೆ ಸಿಗದಿದ್ದಾಗ ಜನ ಪೋಲೆಂಡ್, ಮೆಕ್ಸಿಕೊ, ಕೋಸ್ಟರಿಕಾಕ್ಕೆ ಹೋದರು. ಭಾರತದ ಖಾಸಗಿ ಆಸ್ಪತ್ರೆಗಳಿಗೂ ಬಂದರು. ಸಾಲ ಮಾಡಿ, ಊರಿನಲ್ಲಿ ಚಂದಾ ಎತ್ತಿ ಬಂದರು. ಕೋಸ್ಟರಿಕಾದಲ್ಲಿ ಚಿಕಿತ್ಸೆ ಮಾಡಿಸಿಕೊಂಡ ಕೆನಡಾದವರೊಬ್ಬರು 2010ರಲ್ಲಿ ತೀರಿಕೊಂಡರು. ಕೊನೆಗೆ 2017ರಲ್ಲಿ ಕೆನಡಾದ ಪ್ರಯೋಗದ ಫಲಿತಾಂಶ ಬಂತು: ಬಲೂನು ಹಾಕಿಸಿಕೊಂಡವರಿಗೂ, ಹಾಕಿದಂತೆ ತೋರಿಸಿ ಹಾಕದೆ ಬಿಟ್ಟವರಿಗೂ ವ್ಯತ್ಯಾಸವಿಲ್ಲ. ಅದೇ ವರ್ಷ ಜಂಬೋನಿಯ ಸ್ವಂತ ಪ್ರಯೋಗವೂ ಅದನ್ನೇ ಹೇಳಿತು, ಅವನೇ ಅದನ್ನು ಪ್ರಕಟಿಸಿದ. ಆ ಮಟ್ಟಿಗೆ ಅವನು ಪ್ರಾಮಾಣಿಕ.

ಇದರಿಂದ ಸಂಘ ಬೇಡವೆಂದು ಹೇಳಲಾಗದು. ‘ನಾನೂ ಹೀಗೇ ಇದ್ದೆ’ ಎನ್ನುವವರ ಮಾತು ಧೈರ್ಯಕ್ಕೆ ದೊಡ್ಡದು, ಚಿಕಿತ್ಸೆಯ ಪುರಾವೆಗೆ ಸಾಲದು. ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಹೊಸ ಬೇರು, ಹೊಸ ಸ್ಟೆಮ್ ಸೆಲ್ ಪ್ಯಾಕೇಜು, ನೂರಕ್ಕೆ ನೂರು ಗುಣ ಎಂದರೆ ಈ ಕೆನಡಾದ ಕಥೆಯನ್ನು ಅಲ್ಲಿಗೆ ಕಳುಹಿಸಿ.

● 2022ರ ಜನವರಿಯಲ್ಲಿ ಹಾರ್ವರ್ಡ್ ಸಂಶೋಧಕರು ಅಮೆರಿಕದ ಸೈನ್ಯದ ಒಂದು ಕೋಟಿ ಜನರ ದಾಖಲೆ ಜಾಲಾಡಿ, ಎಪ್‌ಸ್ಟೈನ್ ಬಾರ್ ಎಂಬ ವೈರಸ್ಸಿನ ಸೋಂಕಾದ ಮೇಲೆ ಎಂಎಸ್ ಬರುವ ಅಪಾಯ 32 ಪಟ್ಟು ಏರುತ್ತದೆ ಎಂದು ತೋರಿಸಿದರು. ಹೆದರಬೇಡಿ. ದೊಡ್ಡವರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ಈ ವೈರಸ್ ಯಾವಾಗಲೋ ಬಂದುಹೋಗಿರುತ್ತದೆ. ಅವರಲ್ಲಿ ಬೆರಳೆಣಿಕೆಯಷ್ಟು ಜನಕ್ಕೆ ಮಾತ್ರ ಎಂಎಸ್ ಬರುವುದೇಕೆ ಎಂಬುದು ಈಗಿನ ದೊಡ್ಡ ಪ್ರಶ್ನೆ.

● ಕಾಯಿಲೆಯ ಓಟವನ್ನೇ ತಡೆಯುವ ಮೊದಲ ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1993ರಲ್ಲಿ. ದಿನ ಬಿಟ್ಟು ದಿನ ಚುಚ್ಚಿಕೊಳ್ಳುವ ಇಂಟರ್‌ಫೆರಾನ್. ಮೊದಲ ಮಾತ್ರೆ ಫಿಂಗೋಲಿಮೋಡ್ ಬಂದದ್ದು 2010ರಲ್ಲಿ. ಅದರ ಮೂಲ ಹುಳುಗಳ ಮೇಲೆ ಬೆಳೆಯುವ ಒಂದು ಜಾತಿಯ ಶಿಲೀಂಧ್ರ, ಸುಳಿವು ಸಿಕ್ಕಿದ್ದು ಚೀನಾದ ನಾಟಿ ವೈದ್ಯದಿಂದ. ಹಾಗೆಂದು ಕಷಾಯ ಕುದಿಸಲು ಹೊರಡಬೇಡಿ. ಶಿಲೀಂಧ್ರದ ಅಂಶವನ್ನು ಬೇರ್ಪಡಿಸಿ, ಅದರ ರಚನೆಯನ್ನೇ ಬದಲಿಸಿ, ವರ್ಷಗಟ್ಟಲೆ ಪರೀಕ್ಷಿಸಿದ ಮೇಲೆ ಮಾತ್ರೆಯಾದದ್ದು.

● ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಎಂಎಸ್ ಔಷಧಿಗಳು ಮೊದಲ ಸಲ ಸೇರಿದ್ದು 2023ರಲ್ಲಿ. ಮೂರು ಔಷಧಿಗಳು: ಕ್ಲಾಡ್ರಿಬಿನ್, ಗ್ಲಾಟಿರಾಮರ್, ರಿಟುಕ್ಸಿಮ್ಯಾಬ್. ಅದಕ್ಕಾಗಿ ಬೆನ್ನುಹತ್ತಿದವರಲ್ಲಿ ಸಿಲ್ವಿಯಾ ಕಟ್ಟಿದ ಆ ಅಂತರರಾಷ್ಟ್ರೀಯ ಒಕ್ಕೂಟ ಮುಂದಿತ್ತು. ಇವುಗಳಲ್ಲಿ ರಿಟುಕ್ಸಿಮ್ಯಾಬ್ ನಮಗೆ ಹತ್ತಿರದ್ದು. ಮೂಲತಃ ಕ್ಯಾನ್ಸರಿನ ಔಷಧಿ. 2007ರಲ್ಲೇ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಇದರ ಅಗ್ಗದ ಭಾರತೀಯ ರೂಪವನ್ನು ಹೊರತಂದಿತ್ತು. ದುಬಾರಿ ಎಂಎಸ್ ಔಷಧಿ ಕೊಳ್ಳಲಾಗದ ಎಷ್ಟೋ ಮನೆಗಳಿಗೆ ಇದೇ ಆಧಾರ.

● ಎಂಎಸ್ ಎಂದು ಹೇಳಿಸಿಕೊಂಡವರಿಗೆಲ್ಲ ಎಂಎಸ್ ಇರುವುದಿಲ್ಲ. ಕಣ್ಣಿನ ನರ ಮತ್ತು ಬೆನ್ನುಹುರಿಯನ್ನೇ ಹಿಡಿಯುವ ಎನ್‌ಎಂಒ ಎಂಬ ಅಣ್ಣತಮ್ಮನಂಥ ಕಾಯಿಲೆಯೊಂದಿದೆ. ಅಮೆರಿಕದ ಮೇಯೊ ಕ್ಲಿನಿಕ್ಕಿನವರು 2004ರಲ್ಲಿ ಅದಕ್ಕೆ ರಕ್ತಪರೀಕ್ಷೆಯ ದಾರಿ ತೋರಿಸಿದರು. ಕೆಲವು ಎಂಎಸ್ ಔಷಧಿಗಳು ಎನ್‌ಎಂಒ ಇರುವವರಿಗೆ ಕೆಡುಕನ್ನೇ ಮಾಡುತ್ತವೆ. ನಮ್ಮ ಕಡೆ ಎನ್‌ಎಂಒ ಪಾಲು ಪಶ್ಚಿಮಕ್ಕಿಂತ ಹೆಚ್ಚು. ಅನುಮಾನವಿದ್ದರೆ ಆ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ.

● ‘ಆಯಾಸ ಮಾಡ್ಕೋಬೇಡ, ಸುಮ್ನೆ ಮಲ್ಕೋ’ ಎಂಬುದು ಹಳೆಯ ಸಲಹೆ. 1996ರಲ್ಲಿ ಅಮೆರಿಕದ ಯೂಟಾದಲ್ಲಿ ನಡೆದ ಅಧ್ಯಯನದಲ್ಲಿ ಹದವಾದ ವ್ಯಾಯಾಮ ಮಾಡಿದ ಎಂಎಸ್ ರೋಗಿಗಳ ಶಕ್ತಿ ಹೆಚ್ಚಿತು, ಮನಸ್ಸೂ ಹಗುರಾಯಿತು. ಈಗ ಫಿಸಿಯೋಥೆರಪಿ ಚಿಕಿತ್ಸೆಯ ಭಾಗ. ನಾಲ್ಕು ಜನ ಸೇರಿ ಮಾಡಿದರೆ ಬಿಟ್ಟುಬಿಡುವುದು ಕಡಿಮೆ.

● ಎಲ್ಲರೂ ಗಾಲಿಕುರ್ಚಿಗೆ ಬರುತ್ತಾರೆ ಎಂಬುದು ಸುಳ್ಳು. ವಿಜ್ಞಾನಿ ಸ್ಟೀಫನ್ ಹಾಕಿಂಗ್‌ಗೆ ಎಂಎಸ್ ಇತ್ತೆಂಬುದೂ ಸುಳ್ಳು. ಅವರಿಗಿದ್ದದ್ದು ಎಎಲ್‌ಎಸ್, ಬೇರೆಯೇ ಕಾಯಿಲೆ. ಎಂಎಸ್ ಇದ್ದವರು ಇಂಗ್ಲೆಂಡಿನ ಚೆಲ್ಲೊ ವಾದಕಿ ಜಾಕ್ವೆಲಿನ್ ದು ಪ್ರೆ. ಬೆರಳ ತುದಿಯ ಸ್ಪರ್ಶ ಹೋದದ್ದರಿಂದ ಕಚೇರಿ ನಿಲ್ಲಿಸಿದರು, 1973ರಲ್ಲಿ ಕಾಯಿಲೆ ಗುರುತಾದಾಗ ವಯಸ್ಸು 28. ಅವರ ಕಾಲದಲ್ಲಿ ತಡೆಯುವ ಔಷಧಿ ಒಂದೂ ಇರಲಿಲ್ಲ.

● ಎಂಎಸ್ ಇರುವವರಲ್ಲಿ ಅರ್ಧದಷ್ಟು ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಕಾಡುತ್ತದೆ. ಕಾಯಿಲೆ ಬಂತೆಂಬ ದುಃಖ ಮಾತ್ರ ಇದಕ್ಕೆ ಕಾರಣವಲ್ಲ, ಮಿದುಳಿನ ಗಾಯಗಳೂ ಕಾರಣ. ಆದ್ದರಿಂದ ‘ಮನಸ್ಸು ಗಟ್ಟಿ ಮಾಡ್ಕೋ’ ಎಂದರೆ ಸಾಲದು, ಚಿಕಿತ್ಸೆ ಬೇಕು. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. 2022ರಲ್ಲಿ ಶುರುವಾದ ಈ ರಾಷ್ಟ್ರೀಯ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಸ್ಥಾನ.

● 1995ರ ಅಂಗವಿಕಲರ ಕಾಯ್ದೆಯಲ್ಲಿ 7 ವೈಕಲ್ಯಗಳಿದ್ದವು, ಎಂಎಸ್ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ಇವೆ, ಎಂಎಸ್ ಹೆಸರು ಹಿಡಿದೇ ಇದೆ. ವೈದ್ಯಕೀಯ ಮಂಡಳಿ ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಕೊಟ್ಟರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5 ಸೀಟುಗಳ ಮೀಸಲಿಗೆ ಅರ್ಹತೆ ಬರುತ್ತದೆ. ಆದರೆ ಅದೇ ಕಾಯ್ದೆಯ 34ನೇ ಸೆಕ್ಷನ್, ಸರ್ಕಾರಿ ನೌಕರಿಯ ಶೇ 4 ಮೀಸಲಾತಿ ಯಾರಿಗೆಂದು ಪಟ್ಟಿ ಮಾಡುವಾಗ ಎಂಎಸ್ ಹೆಸರನ್ನು ಬಿಟ್ಟಿದೆ. ಒಂದು ಪುಟದಲ್ಲಿ ಕರೆದು ಇನ್ನೊಂದು ಪುಟದಲ್ಲಿ ಬಾಗಿಲು ಹಾಕಿದ್ದು ಸರಿಯಲ್ಲ, ತಿದ್ದಬೇಕು.

ಬಹಳ ಜನಕ್ಕೆ ಗೊತ್ತಿಲ್ಲದ, ಎಂಎಸ್ ಇರುವವರಿಗೆ ಹೇಳಿ ಮಾಡಿಸಿದಂಥ ನಿಯಮ ಇದೇ 2016ರ ಕಾಯ್ದೆಯ 20ನೇ ಸೆಕ್ಷನ್ನಿನ ನಾಲ್ಕನೇ ಉಪವಿಧಿ. ಸರ್ಕಾರಿ ಕೆಲಸದಲ್ಲಿರುವಾಗ ವೈಕಲ್ಯ ಬಂದರೆ ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ. ಆ ಕೆಲಸ ಮಾಡಲಾಗದಿದ್ದರೆ ಅದೇ ಸಂಬಳದ ಶ್ರೇಣಿಯಲ್ಲಿ ಬೇರೆ ಹುದ್ದೆ ಕೊಡಬೇಕು. ‘ನೀನೇ ರಾಜೀನಾಮೆ ಬರೆದುಕೊಡು, ಮರ್ಯಾದೆ ಉಳಿಯುತ್ತೆ’ ಎಂದು ಮೇಲಧಿಕಾರಿ ಕರುಣೆಯ ದನಿಯಲ್ಲಿ ಹೇಳಿದರೂ ಬರೆದುಕೊಡಬೇಡಿ.

● ಗಂಭೀರ ಕಾಯಿಲೆಗಳ ವಿಮಾ ಪಾಲಿಸಿಗಳಲ್ಲಿ ಎಂಎಸ್‌ಗೆ ವಿಮಾ ನಿಯಂತ್ರಣ ಪ್ರಾಧಿಕಾರವೇ ಒಂದೇ ವ್ಯಾಖ್ಯೆ ಕೊಟ್ಟಿದೆ. ಕಾಯಿಲೆ ಖಚಿತವಾದರೆ ಸಾಲದು, ಕೈಕಾಲಿನ ಅಥವಾ ಸ್ಪರ್ಶದ ತೊಂದರೆ ಸತತ 6 ತಿಂಗಳಾದರೂ ಉಳಿದಿರಬೇಕು. ಬಂದುಹೋಗುವ ಕಾಯಿಲೆಯವರು ಎಡವುವುದು ಇಲ್ಲೇ. ಪ್ರತಿ ಭೇಟಿಯ ಚೀಟಿಯನ್ನೂ ದಿನಾಂಕದೊಂದಿಗೆ ಜೋಪಾನ ಮಾಡಿ.

● ವಿಶ್ವ ಎಂಎಸ್ ದಿನ ಮೇ 30. ಮೊದಲು ಆಚರಿಸಿದ್ದು 2009ರಲ್ಲಿ. ಕಿತ್ತಳೆ ಬಣ್ಣದ ರಿಬ್ಬನ್ ಅದರ ಗುರುತು.

● ಸಂಘಕ್ಕೆ ಸೇರಲು ಎಂಎಸ್ ಇರಲೇಬೇಕೆಂದಿಲ್ಲ. ನಿಮ್ಮ ಬೀದಿಯಲ್ಲಿ, ಕಚೇರಿಯಲ್ಲಿ, ಬಳಗದಲ್ಲಿ ಎಂಎಸ್ ಇರುವವರು ಯಾರಾದರೂ ಇದ್ದರೆ ಅವರನ್ನೇ ಕೇಳಿ, ಏನು ಬೇಕೆಂದು. ಆಸ್ಪತ್ರೆಯ ಸಾಲಿನಲ್ಲಿ ಅವರ ಬದಲು ನಿಲ್ಲುವುದು, ಅಂಗವೈಕಲ್ಯದ ಗುರುತಿನ ಚೀಟಿಗೆ ಅರ್ಜಿ ತುಂಬಿಕೊಡುವುದು, ಬಿಸಿಲಿನ ಹೊತ್ತಿನಲ್ಲಿ ಮಕ್ಕಳನ್ನು ಶಾಲೆಯಿಂದ ಕರೆತರುವುದು, ಇಷ್ಟೇ ಇರಬಹುದು. ಎಂಎಸ್ ಸೊಸೈಟಿಯ ಬೆಂಗಳೂರು ಶಾಖೆ ಇದೆ ಎಂಬುದನ್ನೂ ಅವರಿಗೆ ಹೇಳಿ.